ಅಜ್ಜನ ಕಾಯಿ ಎಲ್ಲಿ ಹೋಯಿತು? ಸರ್ವ್‌ಲೆಟ್‌ಗಳು ಮಾಹಿತಿ ಹಂಚಿಕೊಳ್ಳುವ ಬಗೆ

ನಮ್ಮ ಅಬ್ಬಾ ಹೊಸಹೊಳಲಿನಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುತ್ತಾರೆ. ದೊಡ್ಡ ಮಂಡಿಯೇನಲ್ಲ. ಮನೆಯ ಪಕ್ಕ ಒಂದು ಶೀಟಿನ ಗೋದಾಮು, ಅಷ್ಟೇ. ಸುತ್ತಮುತ್ತಲಿನ ರೈತರು ಆಟೋದಲ್ಲೋ ಟೆಂಪೋದಲ್ಲೋ ಕಾಯಿ ತಂದು, ಎಣಿಸಿ ಕೊಟ್ಟು, ಒಂದು ಚೀಟಿ ತೆಗೆದುಕೊಂಡು ಹೋಗುತ್ತಾರೆ. ವಾರಕ್ಕೊಮ್ಮೆ ಬಂದು ಹಣ ಪಡೆಯುತ್ತಾರೆ. ಕೆಲವರು ಮೊದಲೇ ಮುಂಗಡ ತೆಗೆದುಕೊಂಡಿರುವುದರಿಂದ ಅದನ್ನು ಕಳೆಯಬೇಕು. ಕಾಮರ್ಸ್ ಓದುವ ಮಗಳು ಮನೆಯಲ್ಲಿದ್ದ ಮೇಲೆ ಈ ಲೆಕ್ಕವನ್ನು ಇನ್ನೂ ಪುಸ್ತಕದಲ್ಲಿ ಯಾಕೆ ಬರೆಯಬೇಕು ಎಂದು ಕಳೆದ ರಜೆಯಲ್ಲಿ ನನಗೆ ಅನ್ನಿಸಿತು.

ನನ್ನ ಚಿಕ್ಕಪ್ಪನ ಮಗ ಬಿಸಿಎ ಮುಗಿಸಿದ್ದಾರೆ. ಅವರ ಹಳೆಯ ಲ್ಯಾಪ್‌ಟಾಪ್ ಮತ್ತು ಅಡ್ವಾನ್ಸ್ಡ್ ಜಾವಾ ಪುಸ್ತಕ ನಮ್ಮ ಮನೆಯಲ್ಲಿಯೇ ಇದ್ದವು. ಭಾಯಿಜಾನ್ ಫೋನಿನಲ್ಲಿ ಹೇಳಿಕೊಟ್ಟಂತೆ ಮಾಡುತ್ತಾ ಒಂದು ತಿಂಗಳಲ್ಲಿ ಚಿಕ್ಕದೊಂದು ಪ್ರೋಗ್ರಾಂ ಎಬ್ಬಿಸಿದೆ. ಲ್ಯಾಪ್‌ಟಾಪ್ ಮನೆಯಲ್ಲೇ ಇರುತ್ತದೆ. ಅಬ್ಬಾ ತಮ್ಮ ಮೊಬೈಲಿನಿಂದ, ಗೋದಾಮಿನಲ್ಲಿ ಎಣಿಕೆ ಮಾಡುವ ಅಣ್ಣ ಅವರ ಮೊಬೈಲಿನಿಂದ, ಮನೆಯ ವೈಫೈ ಮೂಲಕ ಅದರೊಳಗೆ ಲೆಕ್ಕ ಸೇರಿಸಬಹುದು. ನಾನೊಬ್ಬಳೇ ಎರಡು ವಾರ ಪರೀಕ್ಷೆ ಮಾಡಿ ನೋಡಿದೆ. ಒಂದು ತಪ್ಪೂ ಬರಲಿಲ್ಲ.

ಮೂರನೆಯ ವಾರ ಕೆರೆ ಕಡೆಯ ತೋಟದ ಅಜ್ಜ ಹಣಕ್ಕೆ ಬಂದರು. ಅಬ್ಬಾ ಮೊಬೈಲ್ ನೋಡಿ, "ಯಜಮಾನ್ರೆ, ಈ ವಾರ ನಿಮ್ಮ ಕಾಯಿ ಬಂದೇ ಇಲ್ವಲ್ಲಾ" ಅಂದರು.

"ಏನ್ ಸಾಬ್ರೆ ಹಿಂಗಂತೀರಿ? ಸಾವಿರದ ಇನ್ನೂರೈವತ್ತು ಕಾಯಿ ಹಾಕಿವ್ನಿ. ಎಲ್ಲೋಯ್ತು ನನ್ನ ಕಾಯಿ?"

ಅಜ್ಜನ ಜೇಬಿನಲ್ಲಿ ಚೀಟಿ ಇತ್ತು. ಅದರಲ್ಲಿ 1,250 ಎಂದು ಅಣ್ಣನ ಕೈಬರಹವೇ ಇತ್ತು. ಅಬ್ಬಾ ಚೀಟಿ ನೋಡಿ ಪೂರ್ತಿ ಹಣ ಕೊಟ್ಟರು. ಆಮೇಲೆ ನಾನು ಹುಡುಕಿದಾಗ ಇನ್ನೊಂದು ವಿಚಿತ್ರ ಕಾಣಿಸಿತು. ಅದೇ ದಿನ, ಅದೇ ನಿಮಿಷದಲ್ಲಿ ಇನ್ನೊಬ್ಬ ರೈತರ, ಅಂದರೆ ನಾವು ಅಕ್ಕ ಎಂದು ಕರೆಯುವವರ ಖಾತೆಯಲ್ಲಿ 340 ಕಾಯಿ ಎರಡು ಸಲ ಸೇರಿತ್ತು. ಅವರು ತಂದದ್ದು ಒಂದೇ ಸಲ. ಅಬ್ಬಾ ನನ್ನನ್ನು ಬೈಯಲಿಲ್ಲ. "ಹಿಸಾಬ್ ಗಲತ್ ಹೈ ಬೇಟಾ" ಎಂದಷ್ಟೇ ಹೇಳಿ ಕಪಾಟಿನಿಂದ ಹಳೆಯ ಪುಸ್ತಕ ತೆಗೆದರು. ಬೈದಿದ್ದರೆ ಚೆನ್ನಾಗಿತ್ತು.

ಈ ತಪ್ಪು ಹೇಗಾಯಿತು ಎಂದು ತಿಳಿಯಲು ಸರ್ವ್‌ಲೆಟ್ ಎಂದರೇನು ಎಂಬುದನ್ನು ಸ್ವಲ್ಪ ಹೇಳಬೇಕು. ನಮ್ಮ ಪಿಯು ಪಠ್ಯದಲ್ಲಿ ಇದು ಇಲ್ಲ.

ಬ್ರೌಸರಿನಲ್ಲಿ ನಾವು ಒಂದು ಗುಂಡಿ ಒತ್ತಿದರೆ ಸರ್ವರ್‌ಗೆ ಒಂದು ಕೋರಿಕೆ ಹೋಗುತ್ತದೆ. ಇದನ್ನು ರಿಕ್ವೆಸ್ಟ್ ಎನ್ನುತ್ತಾರೆ. ಆ ಕೋರಿಕೆಯನ್ನು ಓದಿ, ಕೆಲಸ ಮಾಡಿ, ಉತ್ತರ ಕಳಿಸುವ ಜಾವಾ ಕ್ಲಾಸ್‌ಗೆ ಸರ್ವ್‌ಲೆಟ್ ಎಂದು ಹೆಸರು. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1997ರಲ್ಲಿ ಇದನ್ನು ಹೊರತಂದಿತು. ಜಾವಾ ಭಾಷೆಯನ್ನು ರೂಪಿಸಿದ ಜೇಮ್ಸ್ ಗೋಸ್ಲಿಂಗ್ ಅವರಿಗೆ ಈ ಯೋಚನೆ ಮೊದಲು ಬಂದರೂ, ಅದನ್ನು ಎತ್ತಿಕೊಂಡು ಕೆಲಸಕ್ಕೆ ತಂದವರು ಪಾವ್ನಿ ದಿವಾನ್‌ಜಿ ಎಂಬ ಭಾರತೀಯ ಮೂಲದ ಮಹಿಳಾ ಎಂಜಿನಿಯರ್. ಇದನ್ನು ಓದಿದ ದಿನ ನನಗೆ ಬಹಳ ಖುಷಿಯಾಯಿತು. ಸರ್ವ್‌ಲೆಟ್ ತಾನಾಗಿ ಓಡುವುದಿಲ್ಲ. ಅದನ್ನು ಹುಟ್ಟಿಸಿ, ಕರೆದು, ಕೊನೆಗೆ ಮುಚ್ಚುವ ಯಜಮಾನನೊಬ್ಬ ಬೇಕು. ಅವನಿಗೆ ಕಂಟೇನರ್ ಎನ್ನುತ್ತಾರೆ. ನಾನು ಬಳಸಿದ್ದು ಟಾಮ್‌ಕ್ಯಾಟ್, ಪುಕ್ಕಟೆ ಸಿಗುತ್ತದೆ.

ನನ್ನ ಪ್ರೋಗ್ರಾಂನಲ್ಲಿ ನಾಲ್ಕು ಸರ್ವ್‌ಲೆಟ್‌ಗಳಿವೆ: ಲಾಗಿನ್ ಮಾಡಿಸುವುದು, ರೈತರ ಪಟ್ಟಿ ತೋರಿಸುವುದು, ಕಾಯಿಯ ಎಣಿಕೆ ಸೇರಿಸುವುದು, ಮತ್ತು ಬಾಕಿ ಲೆಕ್ಕ ಹಾಕುವುದು. ಇವು ಬೇರೆ ಬೇರೆ ಕ್ಲಾಸ್‌ಗಳು. ಆದರೆ ಒಂದಕ್ಕೆ ತಿಳಿದದ್ದು ಇನ್ನೊಂದಕ್ಕೆ ತಿಳಿಯಬೇಕು. ಲಾಗಿನ್ ಆದವರು ಯಾರೆಂದು ಎಣಿಕೆಯ ಸರ್ವ್‌ಲೆಟ್‌ಗೆ ಗೊತ್ತಿರಬೇಕು, ಎಷ್ಟು ಕಾಯಿ ಸೇರಿತೆಂದು ಬಾಕಿಯ ಸರ್ವ್‌ಲೆಟ್‌ಗೆ ಗೊತ್ತಾಗಬೇಕು.

ನಮ್ಮೂರಿನ ಲಕ್ಷ್ಮೀನಾರಾಯಣ ದೇವಸ್ಥಾನವನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ನಾವು ಪ್ರೈಮರಿ ಶಾಲೆಯಲ್ಲಿದ್ದಾಗ ಮೇಷ್ಟರು ಸಾಲಾಗಿ ನಿಲ್ಲಿಸಿ ಕರೆದುಕೊಂಡು ಹೋಗಿ ತೋರಿಸಿದ್ದರು. ಹೊಯ್ಸಳರ ಕಾಲದ, 13ನೆಯ ಶತಮಾನದ ತ್ರಿಕೂಟ ಅದು. ಮೂರು ಗರ್ಭಗುಡಿಗಳು, ಮೂರಕ್ಕೂ ಸೇರಿ ಒಂದೇ ನವರಂಗ. ಒಂದು ಗರ್ಭಗುಡಿಯಿಂದ ಇನ್ನೊಂದಕ್ಕೆ ಗೋಡೆ ಒಡೆದು ಬಾಗಿಲಿಟ್ಟಿಲ್ಲ. ಹೊರಗೆ ನವರಂಗಕ್ಕೆ ಬಂದೇ ಇನ್ನೊಂದರ ಮುಂದೆ ಹೋಗಬೇಕು. ಸರ್ವ್‌ಲೆಟ್‌ಗಳೂ ಹಾಗೆಯೇ ಇವೆ. ಒಂದರ ಒಳಗೆ ಇನ್ನೊಂದು ನುಗ್ಗುವುದಿಲ್ಲ. ಎಲ್ಲಕ್ಕೂ ಸೇರಿದ ಜಾಗದಲ್ಲಿ ಇಟ್ಟು ತೆಗೆದುಕೊಳ್ಳುತ್ತವೆ.

ಮೊದಲು ಹೀಗಿರಲಿಲ್ಲವಂತೆ. ಶುರುವಿನ ಆವೃತ್ತಿಗಳಲ್ಲಿ ಗೆಟ್‌ಸರ್ವ್‌ಲೆಟ್ ಎಂಬ ಮೆಥಡ್ ಇತ್ತು. ಒಂದು ಸರ್ವ್‌ಲೆಟ್ ಅದರ ಮೂಲಕ ಇನ್ನೊಂದನ್ನು ಹೆಸರು ಹಿಡಿದು ಕರೆದು, ಅದರ ಒಳಗಿನ ಮೆಥಡ್‌ಗಳನ್ನು ನೇರವಾಗಿ ಓಡಿಸಬಹುದಿತ್ತು. ಹೀಗೆ ಹಿಡಿದುಕೊಂಡ ಸರ್ವ್‌ಲೆಟ್‌ಅನ್ನು ಕಂಟೇನರ್ ಅದೇ ಹೊತ್ತಿಗೆ ಮುಚ್ಚಿಬಿಟ್ಟರೆ? ಸಂಬಂಧವಿಲ್ಲದ ಸರ್ವ್‌ಲೆಟ್ ಬಂದು ಕೈ ಹಾಕಿದರೆ? ಇಂಥ ತೊಂದರೆಗಳಿದ್ದುದರಿಂದ 1998ರ 2.1 ಆವೃತ್ತಿಯಲ್ಲಿ ಅದನ್ನು ಬಳಸಬೇಡಿ ಎಂದು ಗುರುತು ಹಾಕಿದರು. ಆಮೇಲೆ ಆ ಮೆಥಡ್ ಏನೂ ಕೊಡುತ್ತಿರಲಿಲ್ಲ, ಖಾಲಿ ಕೈ ತೋರಿಸುತ್ತಿತ್ತು. ಅದೇ ಆವೃತ್ತಿಯಲ್ಲಿ ಕೋರಿಕೆಯನ್ನು ದಾಟಿಸುವ ರಿಕ್ವೆಸ್ಟ್ ಡಿಸ್ಪ್ಯಾಚರ್ ಬಂತು, ಹಂಚಿಕೊಳ್ಳುವ ಮಾಹಿತಿಗೆ ಹೆಸರಿಟ್ಟು ಕಾಂಟೆಕ್ಸ್ಟ್‌ನಲ್ಲಿ ಇಡುವ ವ್ಯವಸ್ಥೆಯೂ ಬಂತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ರೈತರ ಸಂಖ್ಯೆ ಮತ್ತು ಕಾಯಿಯ ಎಣಿಕೆ, ಈ ಎರಡನ್ನೂ ನಾನು ಸರ್ವ್‌ಲೆಟ್ ಕ್ಲಾಸಿನ ಮೇಲ್ಭಾಗದಲ್ಲಿ, ಎಲ್ಲ ಮೆಥಡ್‌ಗಳ ಹೊರಗೆ, ವೇರಿಯಬಲ್‌ಗಳಾಗಿ ಬರೆದಿದ್ದೆ. ಪ್ರತಿಯೊಬ್ಬರು ಗುಂಡಿ ಒತ್ತಿದಾಗಲೂ ಹೊಸ ಸರ್ವ್‌ಲೆಟ್ ಹುಟ್ಟುತ್ತದೆ ಎಂದು ನಾನು ತಿಳಿದಿದ್ದೆ. ಹಾಗಿಲ್ಲ. ಕಂಟೇನರ್ ಪ್ರತಿ ಸರ್ವ್‌ಲೆಟ್‌ಗೆ ಸಾಮಾನ್ಯವಾಗಿ ಒಂದೇ ಒಂದು ಪ್ರತಿ ಮಾಡುತ್ತದೆ. ಹತ್ತು ಜನ ಒಟ್ಟಿಗೆ ಕೋರಿಕೆ ಕಳಿಸಿದರೆ ಆ ಒಂದೇ ಪ್ರತಿಯೊಳಗೆ ಹತ್ತು ಥ್ರೆಡ್‌ಗಳು ಓಡುತ್ತವೆ. ಒಂದು ಅಡುಗೆಮನೆಯಲ್ಲಿ ಹತ್ತು ಜನ ಕೆಲಸ ಮಾಡಿದಂತೆ. ಪ್ರತಿಯೊಬ್ಬರ ಕೈಯಲ್ಲಿರುವ ತಟ್ಟೆ ಅವರವರದು, ಕಟ್ಟೆಯ ಮೇಲೆ ಇಟ್ಟದ್ದು ಎಲ್ಲರದು. ಮೆಥಡ್ ಒಳಗೆ ಬರೆದ ವೇರಿಯಬಲ್ ಕೈಯಲ್ಲಿರುವ ತಟ್ಟೆ. ಕ್ಲಾಸಿನ ಮೇಲ್ಭಾಗದಲ್ಲಿ ಬರೆದದ್ದು ಕಟ್ಟೆಯ ಮೇಲಿನ ತಟ್ಟೆ.

ಅವತ್ತು ನಡೆದದ್ದು ಇಷ್ಟು. ಅಣ್ಣ ಗೋದಾಮಿನಿಂದ ಅಜ್ಜನ 1,250 ಸೇರಿಸಿದರು. ಸರ್ವ್‌ಲೆಟ್ ಕಟ್ಟೆಯ ಮೇಲೆ "ಅಜ್ಜ, 1,250" ಎಂದು ಇಟ್ಟು, ಅವರ ಹಳೆಯ ಬಾಕಿ ಹುಡುಕಲು ಹೋಯಿತು. ಹಳೆಯ ಲ್ಯಾಪ್‌ಟಾಪ್ ಆದ್ದರಿಂದ ಅದಕ್ಕೆ ಒಂದು ಸೆಕೆಂಡ್ ಹಿಡಿಯುತ್ತದೆ. ಆ ಸೆಕೆಂಡಿನಲ್ಲಿ ಅಬ್ಬಾ ಮನೆ ಬಾಗಿಲಲ್ಲಿ ನಿಂತು ಅಕ್ಕನ 340 ಸೇರಿಸಿದರು. ಕಟ್ಟೆಯ ಮೇಲೆ ಈಗ "ಅಕ್ಕ, 340" ಕುಳಿತಿತು. ಮೊದಲನೆಯ ಥ್ರೆಡ್ ಬಾಕಿ ಹುಡುಕಿ ವಾಪಸು ಬಂದು ಕಟ್ಟೆ ನೋಡಿ "ಅಕ್ಕ, 340" ಎಂದು ಡೇಟಾಬೇಸ್‌ಗೆ ಬರೆಯಿತು. ಎರಡನೆಯದೂ ಅದನ್ನೇ ಬರೆಯಿತು. ಅಜ್ಜನ ಕಾಯಿ ಎಲ್ಲಿಯೂ ಹೋಗಲಿಲ್ಲ. ಅದನ್ನು ಬರೆದೇ ಇರಲಿಲ್ಲ.

ಎರಡು ವಾರದ ನನ್ನ ಪರೀಕ್ಷೆಯಲ್ಲಿ ಇದು ಯಾಕೆ ಸಿಗಲಿಲ್ಲ ಎಂದರೆ ನಾನು ಒಬ್ಬಳೇ ಇದ್ದೆ. ಒಬ್ಬರು ಎಷ್ಟು ಬೇಗ ಒತ್ತಿದರೂ ಇಬ್ಬರಾಗುವುದಿಲ್ಲ. ಭಾಯಿಜಾನ್ ಹೇಳಿದ ಉಪಾಯದಂತೆ, ನಡುವೆ ಬೇಕೆಂದೇ ಐದು ಸೆಕೆಂಡ್ ಕಾಯುವ ಒಂದು ಸಾಲು ಸೇರಿಸಿ, ಅಮ್ಮಿಯ ಮೊಬೈಲಿನಿಂದ ಒಂದು, ನನ್ನ ಮೊಬೈಲಿನಿಂದ ಒಂದು ಕಳಿಸಿದೆವು. ಮೊದಲ ಸಲಕ್ಕೇ ತಪ್ಪು ಬಂತು. ವೇರಿಯಬಲ್‌ಗಳನ್ನು ಮೆಥಡ್ ಒಳಗೆ ತಂದ ಮೇಲೆ ಹೋಯಿತು. ಎರಡು ಸಾಲು ಜಾಗ ಬದಲಿಸಿದ್ದು, ಅಷ್ಟೇ ರಿಪೇರಿ.

ಹಾಗಾದರೆ ಮಾಹಿತಿಯನ್ನು ಎಲ್ಲಿಡಬೇಕು? ಸರ್ವ್‌ಲೆಟ್‌ಗಳು ಹಂಚಿಕೊಳ್ಳಲು ಮೂರು ಜಾಗಗಳಿವೆ. ಮೂರರಲ್ಲೂ ಇಡುವ ಮೆಥಡ್ ಸೆಟ್‌ಆಟ್ರಿಬ್ಯೂಟ್, ತೆಗೆಯುವ ಮೆಥಡ್ ಗೆಟ್‌ಆಟ್ರಿಬ್ಯೂಟ್. ಹೆಸರು ಒಂದೇ, ಆದರೆ ಯಾರಿಗೆ ಕಾಣುತ್ತದೆ ಮತ್ತು ಎಷ್ಟು ಹೊತ್ತು ಇರುತ್ತದೆ ಎಂಬುದರಲ್ಲಿ ಭೂಮಿ ಆಕಾಶದ ವ್ಯತ್ಯಾಸ.

ಮೊದಲನೆಯದು ರಿಕ್ವೆಸ್ಟ್. ಇದು ವೋಚರ್ ಇದ್ದಂತೆ. ಒಂದು ಕೋರಿಕೆಯ ಜೊತೆ ಬರುತ್ತದೆ, ಉತ್ತರ ಹೋದ ಮೇಲೆ ಮುಗಿಯಿತು. ಎಣಿಕೆಯ ಸರ್ವ್‌ಲೆಟ್ ಹೊಸ ಬಾಕಿಯನ್ನು ಈ ವೋಚರ್‌ಗೆ ಪಿನ್ ಮಾಡಿ, ರಿಕ್ವೆಸ್ಟ್ ಡಿಸ್ಪ್ಯಾಚರ್‌ನ ಫಾರ್ವರ್ಡ್ ಮೆಥಡ್ ಮೂಲಕ ಇನ್ನೊಂದು ಸರ್ವ್‌ಲೆಟ್‌ಗೆ ದಾಟಿಸಬಹುದು. ದಾಟಿದ್ದು ಬ್ರೌಸರಿಗೆ ಗೊತ್ತೇ ಆಗುವುದಿಲ್ಲ, ವಿಳಾಸ ಮೊದಲಿದ್ದದ್ದೇ ಇರುತ್ತದೆ. ಬ್ಯಾಂಕಿನಲ್ಲಿ ನಮ್ಮ ಚಲನ್ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಒಳಗೊಳಗೇ ಹೋಗುತ್ತದಲ್ಲ, ಹಾಗೆ. ಇನ್‌ಕ್ಲೂಡ್ ಎಂಬುದೂ ಇದೆ. ಅದರಲ್ಲಿ ಇನ್ನೊಂದು ಸರ್ವ್‌ಲೆಟ್ ಬರೆದದ್ದನ್ನು ನಮ್ಮ ಉತ್ತರದ ನಡುವೆ ಸೇರಿಸಿಕೊಂಡು ಕೆಲಸ ಮತ್ತೆ ನಮ್ಮ ಕೈಗೆ ಬರುತ್ತದೆ. ಪುಟದ ತಲೆಬರಹ, ಅಡಿಬರಹಕ್ಕೆ ಇದು ಸಾಕು.

ಇಂಥ ಒಳ ದಾಟಿಸುವಿಕೆಯ ಗುರುತನ್ನು ನೀವು ನೋಡಿರುತ್ತೀರಿ. ಕರ್ನಾಟಕ ಸರ್ಕಾರದ ಸೇವಾ ಸಿಂಧುವಿನಲ್ಲಿ ಅನೇಕ ಅರ್ಜಿಗಳ ವಿಳಾಸದಲ್ಲಿ "ಡೈರೆಕ್ಟ್‌ಅಪ್ಲೈ ಡಾಟ್ ಡು" ಎಂದು ಇರುತ್ತದೆ. ಎನ್‌ಐಸಿ ರೂಪಿಸಿದ ಸರ್ವಿಸ್‌ಪ್ಲಸ್ ಎಂಬ ವ್ಯವಸ್ಥೆಯ ವಿಳಾಸಗಳು ಹೀಗಿರುತ್ತವೆ. "ಡಾಟ್ ಡು" ಎಂಬ ಬಾಲ ಜಾವಾದ ಸ್ಟ್ರಟ್ಸ್ ಚೌಕಟ್ಟಿನಿಂದ ಬಂದ ರೂಢಿ. ಅದರಲ್ಲಿ ಈ ಬಾಲವಿರುವ ಎಲ್ಲ ಕೋರಿಕೆಗಳೂ ಮೊದಲು ಒಂದೇ ಸರ್ವ್‌ಲೆಟ್‌ನ ಬಾಗಿಲಿಗೆ ಬರುತ್ತವೆ, ಅದು ನೋಡಿ ಒಳಗೆ ಯಾರಿಗೆ ಬೇಕೋ ಅವರಿಗೆ ಹಂಚುತ್ತದೆ.

ಫಾರ್ವರ್ಡ್‌ನಿಂದ ನನಗೆ ಇನ್ನೊಂದು ಪಾಠ ಆಯಿತು. ಎಣಿಕೆ ಸೇರಿಸಿದ ಮೇಲೆ ಬಾಕಿಯ ಪುಟಕ್ಕೆ ಫಾರ್ವರ್ಡ್ ಮಾಡಿದ್ದೆ. ಅಣ್ಣ ಆ ಪುಟದಲ್ಲಿ ರಿಫ್ರೆಶ್ ಮಾಡಿದರು. ಬ್ರೌಸರಿಗೆ ನೆನಪಿರುವುದು ಹಳೆಯ ವಿಳಾಸ, ಅಂದರೆ "ಎಣಿಕೆ ಸೇರಿಸು". ಮತ್ತೆ ಕಳಿಸಲೇ ಎಂದು ಅದು ಕೇಳಿತು, ಅಣ್ಣ ಹೂಂ ಎಂದು ಒತ್ತಿದರು, ಕಾಯಿ ಎರಡು ಸಲ ಸೇರಿತು. ಇದಕ್ಕೆ ಮದ್ದು ಸೆಂಡ್‌ರಿಡೈರೆಕ್ಟ್. ಇದು ಬ್ರೌಸರಿಗೆ "ನಿನ್ನ ಕೆಲಸ ಆಯಿತು, ಈಗ ನೀನೇ ಆ ವಿಳಾಸಕ್ಕೆ ಹೋಗು" ಎಂದು ವಾಪಸು ಕಳಿಸುತ್ತದೆ. ಬ್ರೌಸರ್ ಹೊಸ ಕೋರಿಕೆ ತರುತ್ತದೆ. ಈಗ ರಿಫ್ರೆಶ್ ಮಾಡಿದರೆ ಬಾಕಿ ಮತ್ತೆ ತೋರುತ್ತದೆ, ಮತ್ತೆ ಸೇರುವುದಿಲ್ಲ. ಆದರೆ ಹೊಸ ಕೋರಿಕೆ ಎಂದರೆ ಹೊಸ ವೋಚರ್. ಹಳೆಯದಕ್ಕೆ ಪಿನ್ ಮಾಡಿದ್ದೆಲ್ಲ ಕಳೆದುಹೋಗಿರುತ್ತದೆ. ದುಡ್ಡಿನ ಲೆಕ್ಕ ಬರೆಯುವ ಯಾವ ಪುಟದ ನಂತರವೂ ಫಾರ್ವರ್ಡ್ ಮಾಡಬಾರದು ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಜಾಗ ಸೆಷನ್. ಒಬ್ಬ ಬಳಕೆದಾರ ಒಂದಾದ ಮೇಲೊಂದು ಕಳಿಸುವ ಎಲ್ಲ ಕೋರಿಕೆಗಳಿಗೂ ಇದು ಸಿಗುತ್ತದೆ. ವೆಬ್‌ಗೆ ಸ್ವತಃ ನೆನಪಿಲ್ಲ. ನೀವು ಎರಡನೆಯ ಸಲ ಬಂದಾಗ ಮೊದಲು ಬಂದವರೇ ಎಂದು ಅದಕ್ಕೆ ತಿಳಿಯುವುದಿಲ್ಲ. ಅದಕ್ಕೇ ಕಂಟೇನರ್ ಬ್ರೌಸರಿಗೆ ಜೆಸೆಷನ್‌ಐಡಿ ಎಂಬ ಕುಕಿ ಕೊಡುತ್ತದೆ. ಮದುವೆ ಮನೆಯಲ್ಲಿ ಚಪ್ಪಲಿ ಬಿಟ್ಟು ಟೋಕನ್ ತೆಗೆದುಕೊಂಡಂತೆ. ಟೋಕನ್ ನಮ್ಮ ಹತ್ತಿರ, ಸಾಮಾನು ಅವರ ಹತ್ತಿರ. ಲಾಗಿನ್ ಸರ್ವ್‌ಲೆಟ್ "ಇವರು ಅಬ್ಬಾ" ಎಂದು ಸೆಷನ್‌ನಲ್ಲಿ ಇಟ್ಟರೆ ಉಳಿದ ಮೂರು ಸರ್ವ್‌ಲೆಟ್‌ಗಳೂ ಅದನ್ನು ಓದುತ್ತವೆ. ನಮ್ಮ ಮನೆಯ ಭಾಷೆಯಲ್ಲಿ ಇದಕ್ಕೆ ಸರಿಯಾದ ಮಾತು ಅಮಾನತ್, ಅಂದರೆ ಒಬ್ಬರು ನಂಬಿ ನಮ್ಮ ಹತ್ತಿರ ಇಟ್ಟದ್ದು. (ಕನ್ನಡ ಪೇಪರಿನಲ್ಲಿ ಅಧಿಕಾರಿಯೊಬ್ಬರ "ಅಮಾನತು" ಎಂದು ಮೊದಲ ಸಲ ಓದಿದಾಗ ಅವರನ್ನು ಯಾರ ಹತ್ತಿರ ಇಟ್ಟಿದ್ದಾರೆ ಎಂದು ನಾನು ಕೇಳಿ ಎಲ್ಲರೂ ನಕ್ಕಿದ್ದರು.)

ಟಾಮ್‌ಕ್ಯಾಟ್‌ನಲ್ಲಿ, ನಾವು ಬೇರೆ ಹೇಳದಿದ್ದರೆ, 30 ನಿಮಿಷ ಸುಮ್ಮನಿದ್ದರೆ ಸೆಷನ್ ಮುಗಿಯುತ್ತದೆ. ಸೈಬರ್ ಸೆಂಟರಿನಲ್ಲಿ ಅರ್ಧ ಅರ್ಜಿ ತುಂಬಿಸಿ, ಯಾವುದೋ ಕಾಗದ ತರಲು ಮನೆಗೆ ಹೋಗಿ ಬಂದರೆ "ಸೆಷನ್ ಎಕ್ಸ್‌ಪೈರ್ಡ್" ಎಂದು ಬರುವುದು ಇಂಥ ಗಡುವಿನಿಂದಲೇ. ನಮಗೆ ಸಿಟ್ಟು ಬರುತ್ತದೆ. ಆದರೆ ಆ ಗಡುವು ಇಲ್ಲದಿದ್ದರೆ ಅದೇ ಕುರ್ಚಿಯಲ್ಲಿ ಮುಂದೆ ಕೂರುವವರಿಗೆ ನಮ್ಮ ಖಾತೆ ತೆರೆದೇ ಇರುತ್ತದೆ. ಅಂಥ ಕಡೆ ಕಿಟಕಿ ಮುಚ್ಚಿ ಏಳಬೇಡಿ, ಲಾಗೌಟ್ ಒತ್ತಿ. ಸರಿಯಾಗಿ ಬರೆದ ಪ್ರೋಗ್ರಾಂ ಆಗ ಸರ್ವರ್‌ನಲ್ಲಿರುವ ಸೆಷನ್‌ಅನ್ನೇ ರದ್ದು ಮಾಡುತ್ತದೆ.

ಸೆಷನ್ ಒಬ್ಬರದೇ ಆದ್ದರಿಂದ ಅಲ್ಲಿ ಬೆರಕೆ ಆಗುವುದಿಲ್ಲ ಎಂದುಕೊಂಡೆ. ಆರಿಸಿದ ರೈತರ ಸಂಖ್ಯೆಯನ್ನೂ ಅಲ್ಲೇ ಇಟ್ಟೆ. ಆಮೇಲೆ ಲ್ಯಾಪ್‌ಟಾಪಿನಲ್ಲಿ ಎರಡು ಟ್ಯಾಬ್ ತೆರೆದು, ಒಂದರಲ್ಲಿ ಒಬ್ಬ ರೈತರು, ಇನ್ನೊಂದರಲ್ಲಿ ಇನ್ನೊಬ್ಬರು ಎಂದು ನೋಡಿದರೆ ಮತ್ತೆ ಅದೇ ಕಥೆ! ಒಂದೇ ಬ್ರೌಸರಿನ ಎರಡು ಟ್ಯಾಬ್‌ಗಳಿಗೆ ಟೋಕನ್ ಒಂದೇ, ಸೆಷನ್ ಒಂದೇ. ಎರಡನೆಯ ಟ್ಯಾಬಿನಲ್ಲಿ ಆರಿಸಿದ ರೈತರು ಮೊದಲನೆಯವರ ಜಾಗದಲ್ಲಿ ಕೂರುತ್ತಾರೆ. ಈ ಸಲ ರೈತರ ಹತ್ತಿರ ಹೋಗುವ ಮೊದಲೇ ಸಿಕ್ಕಿದ್ದರಿಂದ ಅಬ್ಬಾಗೆ ಹೇಳಲಿಲ್ಲ. ಈಗ ರೈತರ ಸಂಖ್ಯೆ ಪ್ರತಿ ಫಾರಂ ಜೊತೆಯಲ್ಲೇ ಹೋಗುತ್ತದೆ. ಅದನ್ನು ಯಾರೂ ತಿದ್ದಿಲ್ಲವೇ ಎಂದು ಸರ್ವ್‌ಲೆಟ್ ಮತ್ತೊಮ್ಮೆ ಪಟ್ಟಿ ನೋಡುತ್ತದೆ. ಸೆಷನ್‌ನಲ್ಲಿ ಲಾಗಿನ್ ಆದವರು ಯಾರು ಎಂಬುದು ಮಾತ್ರ ಇದೆ.

ಮೂರನೆಯದು ಸರ್ವ್‌ಲೆಟ್ ಕಾಂಟೆಕ್ಸ್ಟ್. ಇದೇ ನವರಂಗ. ಇಡೀ ಅಪ್ಲಿಕೇಶನ್‌ಗೆ ಒಂದೇ, ಎಲ್ಲ ಬಳಕೆದಾರರಿಗೂ ಎಲ್ಲ ಸರ್ವ್‌ಲೆಟ್‌ಗಳಿಗೂ ಕಾಣುತ್ತದೆ. ಗೋದಾಮಿನ ಬಾಗಿಲಲ್ಲಿ ಅಬ್ಬಾ ಇವತ್ತಿನ ದರವನ್ನು ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಅದು ಎಲ್ಲರೂ ನೋಡಬೇಕಾದದ್ದು, ಆದ್ದರಿಂದ ದರ ಇಲ್ಲಿಗೆ ಸರಿ. ಒಬ್ಬ ರೈತರ ಮುಂಗಡ ಇಲ್ಲಿ ಬರೆದರೆ ಊರಿಗೆಲ್ಲ ಸಾರಿದಂತೆ.

ಎಲ್ಲರೂ ಓದುವುದಕ್ಕೆ ಕಾಂಟೆಕ್ಸ್ಟ್ ಚೆನ್ನ, ಎಲ್ಲರೂ ಬರೆಯುವುದಾದರೆ ಅಪಾಯ. ದಿನದ ಒಟ್ಟು ಕಾಯಿಯ ಮೊತ್ತವನ್ನು ಅಲ್ಲಿಟ್ಟಿದ್ದೆ. 1,200 ಇದೆ ಎಂದುಕೊಳ್ಳಿ. ಒಂದು ಥ್ರೆಡ್ 1,200 ಓದಿ 300 ಕೂಡಿಸುತ್ತಿದೆ. ಅದು ಬರೆಯುವ ಮೊದಲೇ ಇನ್ನೊಂದು ಕೂಡ 1,200 ಓದಿ 500 ಕೂಡಿಸುತ್ತದೆ. ಮೊದಲನೆಯದು 1,500 ಬರೆದರೆ, ಎರಡನೆಯದು ಅದರ ಮೇಲೆ 1,700 ಬರೆಯುತ್ತದೆ. ಬರಬೇಕಾದದ್ದು 2,000. ಒಬ್ಬರ ಕೆಲಸ ಮುಗಿಯುವವರೆಗೆ ಇನ್ನೊಬ್ಬರನ್ನು ಕಾಯಿಸಲು ಜಾವಾದಲ್ಲಿ ಸಿಂಕ್ರೊನೈಸ್ಡ್ ಎಂಬ ಪದ ಇದೆ. ಓದಿ ಕೂಡಿಸಿ ಬರೆಯುವುದನ್ನು ಒಂದೇ ಏಟಿಗೆ ಮಾಡುವ ಅಟಾಮಿಕ್‌ಇಂಟೀಜರ್ ಕೂಡ ಇದೆ. ಹಿಂದೆ ಸಿಂಗಲ್‌ಥ್ರೆಡ್‌ಮಾಡೆಲ್ ಎಂದು ಒಂದಿತ್ತು. ಒಂದು ಸರ್ವ್‌ಲೆಟ್ ಪ್ರತಿಯೊಳಗೆ ಒಂದು ಹೊತ್ತಿಗೆ ಒಂದೇ ಥ್ರೆಡ್ ಎಂದು ಅದು ಮಾತು ಕೊಡುತ್ತಿತ್ತು. ಆದರೆ ಸೆಷನ್ ಮತ್ತು ಕಾಂಟೆಕ್ಸ್ಟ್‌ನಲ್ಲಿ ಇಟ್ಟದ್ದಕ್ಕೆ ಅದರಿಂದ ಕಾವಲು ಇರಲಿಲ್ಲ. ಜನ ಅದನ್ನು ನಂಬಿ ಮೋಸ ಹೋಗುತ್ತಿದ್ದರು. 2003ರ 2.4 ಆವೃತ್ತಿಯಲ್ಲಿ ಅದನ್ನೂ ಬಳಸಬೇಡಿ ಎಂದರು.

ನಾನು ಇದ್ಯಾವುದನ್ನೂ ಮಾಡದೆ ಒಟ್ಟು ಮೊತ್ತವನ್ನು ಕಾಂಟೆಕ್ಸ್ಟ್‌ನಿಂದಲೇ ತೆಗೆದೆ. ಕರೆಂಟು ಹೋಗಿ ಲ್ಯಾಪ್‌ಟಾಪ್ ಆರಿದರೆ ಕಾಂಟೆಕ್ಸ್ಟ್ ಖಾಲಿ. ಸೀಮೆಸುಣ್ಣದ ಬರಹ ಮಳೆಗೆ ತೊಳೆದುಹೋದಂತೆ. ಲೆಡ್ಜರ್ ಇರಬೇಕಾದ ಜಾಗ ಡೇಟಾಬೇಸ್. ಈಗ ಬೇಕೆಂದಾಗ ಅಲ್ಲಿಂದಲೇ ಕೂಡಿಸಿ ತೋರಿಸುತ್ತೇನೆ.

ನೀವೂ ಕಲಿಯಲು ಹೊರಟರೆ ಒಂದು ಕಿವಿಮಾತು. ಹಳೆಯ ಪುಸ್ತಕಗಳಲ್ಲಿ ಪ್ಯಾಕೇಜಿನ ಹೆಸರು ಜಾವಾಎಕ್ಸ್ ಡಾಟ್ ಸರ್ವ್‌ಲೆಟ್ ಎಂದು ಇರುತ್ತದೆ. 2020ರ ಜಕಾರ್ತಾ 9 ಆವೃತ್ತಿಯಿಂದ ಅದು ಜಕಾರ್ತಾ ಡಾಟ್ ಸರ್ವ್‌ಲೆಟ್ ಆಗಿದೆ. ಟಾಮ್‌ಕ್ಯಾಟ್ 10 ಹಾಕಿಕೊಂಡು ಭಾಯಿಜಾನ್‌ರ ಪುಸ್ತಕ ನೋಡಿ ಬರೆದು ನಾನು ಮೂರು ದಿನ ಕಳೆದೆ. ಹಳೆಯ ಪುಸ್ತಕ ಇದ್ದರೆ ಟಾಮ್‌ಕ್ಯಾಟ್ 9 ಸಾಕು.

ಅಬ್ಬಾ ಈಗ ಪುಸ್ತಕದಲ್ಲೂ ಬರೆಯುತ್ತಾರೆ, ಮೊಬೈಲಿನಲ್ಲೂ ಸೇರಿಸುತ್ತಾರೆ. ಭಾನುವಾರ ನಾವಿಬ್ಬರೂ ಕೂತು ಎರಡನ್ನೂ ತಾಳೆ ನೋಡುತ್ತೇವೆ. ಆರು ವಾರದಿಂದ ವ್ಯತ್ಯಾಸ ಬಂದಿಲ್ಲ. ಒಂದು ಸಲ ಬಂದಿತ್ತು, ಅದು ಪುಸ್ತಕದಲ್ಲಿ ಅಬ್ಬಾ 7 ಬರೆದದ್ದನ್ನು ನಾನು 1 ಎಂದು ಓದಿದ್ದು. ಹೋದ ವಾರ ಅಜ್ಜ 900 ಕಾಯಿ ತಂದರು. ನಾನೇ ಸೇರಿಸಿ, ಮೊಬೈಲ್ ಪರದೆಯಲ್ಲಿ ಅವರ ಹೆಸರು, ಎಣಿಕೆ, ಬಾಕಿ ಎಲ್ಲ ತೋರಿಸಿದೆ. ಅಜ್ಜ ಕಣ್ಣು ಕಿರಿದು ಮಾಡಿ ಪೂರ್ತಿ ನೋಡಿದರು.

"ಸರಿಯಾಗೈತೆ ಕಣವ್ವ" ಅಂದರು. "ಚೀಟಿನೂ ಒಂದು ಕೊಟ್ಬುಡು."